ಕೂಸು ಕೂಡುವ ಜಾಗದ ಕುರು

ಮೈಮೇಲೆ ಏಳುವ ಕುರುವಿಗೂ ಮರ್ಯಾದೆಯ ಜಾಗ, ಮರ್ಯಾದೆ ಇಲ್ಲದ ಜಾಗ ಅಂತ ಇರುತ್ತದೆ. ಕುತ್ತಿಗೆಯ ಹಿಂದೆ ಎದ್ದರೆ ಅದು ಊರ ಕುರು. ನಮ್ಮ ಯಜಮಾನರು ಬದುಕಿದ್ದಾಗ ಅವರಿಗೆ ಅಲ್ಲೊಂದು ಎದ್ದಿತ್ತು. ಅವರು ಕೂಡ್ಲಿಗಿಯ ಬಸ್‌ಸ್ಟ್ಯಾಂಡಿನ ತನಕ ಹೋಗಿ ಬರುವಷ್ಟರಲ್ಲಿ ಕಂಡವರೆಲ್ಲ ಒಂದೊಂದು ಔಷಧ ಹೇಳಿ ಕಳಿಸಿದ್ದರು. ಒಬ್ಬರು ಉಳ್ಳಾಗಡ್ಡಿ ಸುಟ್ಟು ಕಟ್ಟು ಅಂದರೆ ಇನ್ನೊಬ್ಬರು ಗೋಧಿ ಹಿಟ್ಟು ಬೇಯಿಸಿ ಇಡು ಅಂದರು. ಯಾವನೋ ಕಂಡಕ್ಟರು ಟಿಕೆಟ್ ಹರಿಯುವುದನ್ನು ಬಿಟ್ಟು ಒತ್ತಿ ನೋಡಿ, ಇನ್ನೂ ಹಣ್ಣಾಗಿಲ್ಲ ಅಂತ ತೀರ್ಪು ಕೊಟ್ಟನಂತೆ. ಅದು ಒಡೆದ ದಿನ ವಿಚಾರಿಸಲು ಬಂದವರಿಗೆ ಚಹಾ ಮಾಡಿ ಮಾಡಿ ನನಗೆ ಸಾಕಾಯಿತು. ಅದೇ ಕುರು ಕಂಕುಳಲ್ಲೋ ತೊಡೆಯ ಸಂದಿಯಲ್ಲೋ ಎದ್ದರೆ, ಅದರಲ್ಲೂ ಹೆಂಗಸಿನ ಮೈಮೇಲೆ ಎದ್ದರೆ, ಅದಕ್ಕೆ ಊರೂ ಇಲ್ಲ, ಕೇರಿಯೂ ಇಲ್ಲ. ಕುಪ್ಪಸದೊಳಗೆ ಹುಟ್ಟಿ ಕುಪ್ಪಸದೊಳಗೇ ಸಾಯಬೇಕು. ಇದೇನು ಬರೆಯುವಂಥ ವಿಷಯವೇ ಅಂತ ಮೂಗು ಮುರಿಯುವವರು ಈ ಪುಟ ಮಡಿಚಿಟ್ಟು ಬೇರೆ ಏನಾದರೂ ಓದಿಕೊಳ್ಳಬಹುದು. ನಾನು ಓದಿದ್ದು ನಾಲ್ಕನೇ ಇಯತ್ತೆ. ಮಾತನ್ನು ಸುತ್ತಿ ಬಳಸಿ ಹೇಳುವುದನ್ನು ಐದನೆಯದರಲ್ಲಿ ಕಲಿಸುತ್ತಾರೆಂದು ಕಾಣುತ್ತದೆ, ನನಗೆ ಬಂದಿಲ್ಲ.

ನಮ್ಮ ಕಡೆ ಹೆಂಗಸಿನ ಗುಟ್ಟನ್ನು ಮೊದಲು ಹೊರಹಾಕುವುದು ಅವಳ ಬಾಯಿ ಅಲ್ಲ, ಅವಳ ರೊಟ್ಟಿ. ಬೆಳಿಗ್ಗೆ ಓಣಿಯಲ್ಲಿ ಕಣ್ಣು ಮುಚ್ಚಿ ನಿಂತರೂ ಯಾವ ಮನೆಯಲ್ಲಿ ಯಾರು ಬಡಿಯುತ್ತಿದ್ದಾರೆ ಅಂತ ಹೇಳಬಹುದು. ಒಬ್ಬೊಬ್ಬಳ ಕೈಗೆ ಒಂದೊಂದು ನಡೆ. ನನ್ನದು ಜೋರು ಏಟು. ಗೌರಕ್ಕ ರೊಟ್ಟಿ ಬಡಿಯುತ್ತಾಳೋ ಸಿಟ್ಟು ತೀರಿಸಿಕೊಳ್ಳುತ್ತಾಳೋ ಅಂತ ಪಕ್ಕದ ಮನೆಯ ಬಸಮ್ಮ ಮೊದಲಿನಿಂದಲೂ ಆಡಿಕೊಳ್ಳುತ್ತಾಳೆ. ಅವಳ ಅಡುಗೆಮನೆಗೂ ನಮ್ಮ ಅಡುಗೆಮನೆಗೂ ನಡುವೆ ಇರುವುದು ಒಂದೇ ಗೋಡೆ, ಅದೂ ಮಾಳಿಗೆ ಮುಟ್ಟದ ಗೋಡೆ. ಸೊಸೆ ಸುನಂದಾ ಗುಡೇಕೋಟೆಯಿಂದ ನಮ್ಮ ಮನೆಗೆ ಬಂದಾಗ ಅವಳ ಕೈ ಕೇಳಿಯೇ ಓಣಿ ಮೆಚ್ಚಿತ್ತು. ಹಗುರವಾದ, ಓಡುವ ಕೈ. ಅವಳು ಬಂದ ವಾರಕ್ಕೇ ನಾನು ಹಂಚಿನ ಮುಂದಿನಿಂದ ಎದ್ದೆ. ಒಮ್ಮೆ ಎದ್ದ ಅತ್ತೆ ಮತ್ತೆ ಅಲ್ಲಿ ಕೂತರೆ ಓಣಿಗೆ ಎರಡೇ ಅರ್ಥ: ಸೊಸೆ ತವರಿಗೆ ಹೋಗಿದ್ದಾಳೆ, ಇಲ್ಲವೇ ಮನೆಯಲ್ಲಿ ಜಗಳವಾಗಿದೆ.

ಮೊಮ್ಮಗಳು ನೀಲಾಳಿಗೆ ಮೂರು ತುಂಬುವ ಹೊತ್ತಿಗೆ ಸುನಂದಾಳ ಕೈ ಕುಂಟತೊಡಗಿತು. ನಾಲ್ಕು ಏಟು ಬೀಳುವುದು, ನಿಲ್ಲುವುದು, ಮತ್ತೆ ಎರಡು. ರೊಟ್ಟಿಯ ಅಂಚು ದಪ್ಪ, ನಡು ತೆಳ್ಳಗೆ, ಕೆಲವು ಸಲ ನಡುವೇ ಇಲ್ಲ. ಟೀವಿಯ ಧಾರಾವಾಹಿ ಹೆಚ್ಚಾಗಿ ಹೀಗಾಗಿದೆ ಅಂತ ನಾನು ಅವಳಿಗೆ ಕೇಳಿಸುವಂತೆಯೇ ಹೇಳಿದೆ. ಮಗ ಕೊಟ್ರೇಶನಿಗೆ ರೊಟ್ಟಿ ಹೇಗಿದ್ದರೂ ನಡೆಯುತ್ತದೆ. ಅವನದು ಹೈವೇ ಪಕ್ಕ ಬೋರಿನ ಮೋಟಾರುಗಳಿಗೆ ತಂತಿ ಸುತ್ತುವ ಅಂಗಡಿ. ಸುಟ್ಟ ಮೋಟಾರಿನ ವಾಸನೆಯಲ್ಲಿ ಅವನ ಮೂಗೂ ನಾಲಿಗೆಯೂ ಸತ್ತು ಬಹಳ ದಿನವಾಗಿವೆ. ಇನ್ನೊಂದು ಸಂಗತಿಯನ್ನೂ ನಾನು ಕಂಡಿದ್ದೆ, ಆದರೆ ಅದು ನನಗೆ ಸಂತೋಷದ ಸಂಗತಿಯಾಗಿತ್ತು. ನೀಲಾ ಹೊತ್ತು ಹುಟ್ಟಿದರೆ ನನ್ನ ಕಂಕುಳಲ್ಲೇ. ಅವರವ್ವನ ಹತ್ತಿರ ಹೋಗಿ ಕೈ ಚಾಚಿದರೆ ಅವಳು ಹಿಂದೆ ಸರಿದು, ಅಜ್ಜಿಯ ಹತ್ತಿರ ಹೋಗು ಅಂತ ಕಳಿಸುವಳು. ಕೂಸಿಗೆ ಹಡೆದವ್ವನಿಗಿಂತ ನಾನೇ ಹೆಚ್ಚು ಅಂತ ನಾನು ಓಣಿಯ ತುಂಬ ಹೇಳಿಕೊಂಡು ತಿರುಗಿದೆ. ನೀರಿಗೆ ಹೋಗುವಾಗಲೂ ಅದು ನನ್ನ ಸೊಂಟದ ಮೇಲೆ, ಬರುವಾಗಲೂ ನನ್ನ ಸೊಂಟದ ಮೇಲೆ. ಕೊಡವನ್ನು ಮಾತ್ರ ಇನ್ನೊಂದು ಸೊಂಟಕ್ಕೆ ಬದಲಾಯಿಸುತ್ತಿದ್ದೆ.

ಒಂದು ದಿನ ಸುನಂದಾ ಪಡಸಾಲೆಯಲ್ಲಿ ಕೂತು ಜೋಳ ಹಸನು ಮಾಡುತ್ತಿದ್ದಳು. ನೀಲಾ ಎಲ್ಲಿಂದಲೋ ಓಡಿ ಬಂದು ಅವಳ ಬಲಗೈಗೆ ಜೋತುಬಿದ್ದಳು. ಸುನಂದಾ ಕೂಗಲಿಲ್ಲ. ಬಾಯಿ ತೆರೆದದ್ದು ತೆರೆದಂತೆಯೇ ಉಳಿಯಿತು, ಮುಖ ಬೂದಿಯಾಯಿತು. ಚೇಳು ಕಡಿದವರು ಊರಿಗೆ ಕೇಳಿಸುವಂತೆ ಕೂಗುತ್ತಾರೆ. ಕೂಗದೆ ನೋಯುವುದಕ್ಕೆ ಬಹಳ ದಿನದ ರೂಢಿ ಬೇಕು. ನಾನು ಕೂಸಿನ ಕೈಗೆ ಒಂದು ಬೆಲ್ಲದ ಚೂರು ಕೊಟ್ಟು ಕೂಡಿಸಿ, ಸೊಸೆಯನ್ನು ಬಚ್ಚಲಿಗೆ ಕರೆದುಕೊಂಡು ಹೋಗಿ ಬಾಗಿಲು ಹಾಕಿದೆ.

"ಕುಪ್ಪಸ ಬಿಚ್ಚು."

"ಏನಿಲ್ಲ ಬಿಡ್ರಿ ಅತ್ತಿ."

"ಆ ಏನಿಲ್ಲದ್ದನ್ನ ನಾನು ನೋಡ್ತೀನಿ. ಬಿಚ್ಚು."

ಎರಡೂ ಕಂಕುಳಲ್ಲಿ ಅರಿವೆಯ ಚೂರುಗಳನ್ನು ಮಡಿಚಿ ಇಟ್ಟುಕೊಂಡಿದ್ದಳು. ಅವನ್ನು ನಾನೇ ತೆಗೆದು ನೋಡಿದೆ. ಹಳೆಯ ಕಲೆಗಳು ಹಗ್ಗದ ಹಾಗೆ ಗಂಟು ಬಿದ್ದಿದ್ದವು. ಅವುಗಳ ನಡುವೆ ಹೊಸ ಕುರುಗಳು. ಒಂದರಿಂದ ಇನ್ನೊಂದಕ್ಕೆ ಚರ್ಮದ ಕೆಳಗೇ ದಾರಿ ಕೊರೆದುಕೊಂಡು, ಹಳೆಯ ಗೋಡೆಯಲ್ಲಿ ಇಲಿ ಮಾಡಿದ ಬಿಲದ ಹಾಗೆ, ಒಂದು ಕಡೆ ಒತ್ತಿದರೆ ಇನ್ನೊಂದು ಕಡೆ ಕೀವು ಬರುತ್ತಿತ್ತು. ಎಂದಿನಿಂದ ಅಂದೆ. ಮದುವೆಗೆ ಮುಂಚಿನಿಂದ ಅಂದಳು. ಅವರವ್ವನಿಗೆ ಗೊತ್ತಂತೆ. ಗಂಡನ ಮನೆಯಲ್ಲಿ ಬಾಯಿ ಬಿಡಬೇಡ, ಕೊಳಕಿ ಅನ್ನುತ್ತಾರೆ, ಹತ್ತುವ ರೋಗ ಅನ್ನುತ್ತಾರೆ, ವಾಪಸು ಕಳಿಸುತ್ತಾರೆ ಅಂತ ಹೇಳಿ ಕಳಿಸಿದ್ದರಂತೆ. ಕೊಟ್ರೇಶನಿಗೆ ಸೆಕೆಯ ಕುರು ಅಂತ ಹೇಳಿದ್ದಾಳೆ, ಅವನು ನಂಬಿದ್ದಾನೆ. ಕೂಡ್ಲಿಗಿಯಲ್ಲಿ ಸೆಕೆಯನ್ನು ಯಾರು ನಂಬುವುದಿಲ್ಲ ಹೇಳಿ. ಇಷ್ಟನ್ನೂ ಅವಳು ನನ್ನ ಮುಖ ನೋಡದೆ ನೀರಿನ ಹಂಡೆಗೆ ಹೇಳಿದಳು. ಕೊನೆಗೆ ಒಂದು ಮಾತು ಹಂಡೆಗೂ ಕೇಳಿಸದಷ್ಟು ಮೆಲ್ಲಗೆ ಬಂತು.

"ಕೂಸು ನಾನು ಆಕಿನ್ನ ಒಲ್ಲೆ ಅಂತ ತಿಳ್ಕಂಡೈತಿ ಅತ್ತಿ."

ಸಮಾಧಾನ ಹೇಳುವುದು ನನಗೆ ಬರುವುದಿಲ್ಲ. ಕುಪ್ಪಸ ಹಾಕಿಕೋ, ಥಂಡಿ ಆದೀತು ಅಂದೆ. ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದಳು ಅಂತ ಗಾದೆ ಇದೆಯಲ್ಲ, ಕೂಸು ಇರಬೇಕಾದ ಜಾಗವೇ ಅದು. ಆ ಜಾಗದಲ್ಲಿ ಇವಳಿಗೆ ಕುರು ಬಂದು ಕೂತಿತ್ತು. ನಾನು ಹೆಮ್ಮೆ ಪಟ್ಟುಕೊಂಡು ತಿರುಗಿದ್ದು ಅದರ ಪುಣ್ಯದಿಂದ.

ಮೊದಲ ವಾರ ನಾನೇ ಡಾಕ್ಟರಾದೆ. ಉಳ್ಳಾಗಡ್ಡಿ ಸುಟ್ಟೆ, ಬೇವಿನ ತೊಪ್ಪಲು ಅರೆದೆ, ಅರಿಶಿನ ಎಣ್ಣೆ ಕಾಯಿಸಿದೆ. ಕುರು ಅದನ್ನೆಲ್ಲ ಉಂಡು ಇನ್ನಷ್ಟು ದಪ್ಪಗಾಯಿತು. ಆಮೇಲೆ, ಬಳ್ಳಾರಿಯಲ್ಲಿರುವ ಮಗಳ ಮನೆಗೆ ಹೋಗಿಬರುತ್ತೇವೆ ಅಂತ ಬಸಮ್ಮನಿಗೆ ಹೇಳಿ, ಸುನಂದಾಳನ್ನು ಬಳ್ಳಾರಿಯ ಬಸ್ಸು ಹತ್ತಿಸಿದೆ. ನನ್ನ ಮಗಳು ಇರುವುದು ಹಡಗಲಿಯಲ್ಲಿ. ಅದು ಬಸಮ್ಮನಿಗೆ ಗೊತ್ತು, ಮಗಳ ಬಾಣಂತನಕ್ಕೆ ಅಲ್ಲಿಗೆ ನನ್ನ ಜೊತೆ ಬಂದವಳೇ ಅವಳು. ಅವಸರದಲ್ಲಿ ಹೇಳುವ ಸುಳ್ಳಿಗೆ ಊರಿನ ನೆನಪಿರುವುದಿಲ್ಲ.

ಚರ್ಮದ ಡಾಕ್ಟರಮ್ಮ ವಯಸ್ಸಿನಲ್ಲಿ ಸುನಂದಾಳಿಗಿಂತ ಸ್ವಲ್ಪ ದೊಡ್ಡವಳಿರಬೇಕು. ನೋಡಿ ಮುಖ ಸಿಂಡರಿಸಲಿಲ್ಲ, ಅಲ್ಲೇ ಅವಳು ನನಗೆ ಮೆಚ್ಚಿಗೆಯಾದಳು. ರೋಗಕ್ಕೆ ಒಂದು ಹೆಸರು ಹೇಳಿದಳು, ಕೂಡ್ಲಿಗಿಯಿಂದ ಬಳ್ಳಾರಿಯಷ್ಟು ಉದ್ದದ್ದು. ನನ್ನ ಬಾಯಲ್ಲಿ ಅದು ಅರ್ಧ ದಾರಿಯಲ್ಲೇ ಇಳಿದುಹೋಯಿತು. ಕೂದಲಿನ ಬುಡ ಮುಚ್ಚಿಕೊಂಡು ಒಳಗೇ ಬಾತು ಒಳಗೇ ಒಡೆಯುತ್ತದಂತೆ. ಬಹಳ ಹೆಂಗಸರಿಗೆ ಇರುತ್ತದಂತೆ, ಎಲ್ಲರೂ ಮುಚ್ಚಿಟ್ಟುಕೊಂಡು ಕೊನೆಗೆ ಬರುತ್ತಾರಂತೆ. ಇದು ಹತ್ತುವುದಿಲ್ಲ, ಕೊಳಕಿನಿಂದ ಬಂದದ್ದೂ ಅಲ್ಲ ಅಂದಳು. ಸುನಂದಾ ತಲೆ ಎತ್ತಿ, "ಇನ್ನೊಮ್ಮೆ ಹೇಳ್ರಿ" ಅಂದಳು. ಅವಳಿಗೆ ಕೇಳಿಸಿರಲಿಲ್ಲ ಅಂತಲ್ಲ. ಡಾಕ್ಟರಮ್ಮನೂ ತಿಳಿದವಳು, ಚೀಟಿ ಬರೆಯುವುದನ್ನು ನಿಲ್ಲಿಸಿ ಮತ್ತೊಮ್ಮೆ ಹೇಳಿದಳು.

ಮೂರು ತಿಂಗಳ ಹತ್ತಿರ ಎರಡು ತರದ ಗುಳಿಗೆ ನುಂಗಬೇಕು. ಅದರಲ್ಲಿ ಕೆಂಪು ಕ್ಯಾಪ್ಸೂಲು ಖಾಲಿ ಹೊಟ್ಟೆಯಲ್ಲಿ. ಅದನ್ನು ತಿಂದರೆ ಮೂತ್ರ, ಬೆವರು, ಕಣ್ಣೀರು ಎಲ್ಲ ಕೆಂಪಗೆ ಬರುತ್ತವೆ, ಹೆದರಬಾರದು. ಕಣ್ಣಿನ ಬಣ್ಣ ಹಳದಿಯಾದರೆ, ಹೊಟ್ಟೆ ಕೆಟ್ಟು ನಿಲ್ಲದಿದ್ದರೆ ಮಾತ್ರ ತಡಮಾಡದೆ ಬರಬೇಕು, ನಡುವೆ ಒಮ್ಮೆ ರಕ್ತ ಪರೀಕ್ಷೆಗೂ ಬರಬೇಕು. ಕಡಿಮೆಯಾಯಿತು ಅಂತ ಅರ್ಧಕ್ಕೆ ಬಿಡಬಾರದು. ಇದೆಲ್ಲ ಹೇಳಿ ಡಾಕ್ಟರಮ್ಮ ಇನ್ನೊಂದು ಕೇಳಿದಳು, ಮಕ್ಕಳಾಗದಂತೆ ಏನಾದರೂ ಗುಳಿಗೆ ತಗೊಳ್ಳುತ್ತೀರಾ, ಈ ಕೆಂಪಿನದರ ಜೊತೆ ಅದು ಕೆಲಸ ಮಾಡುವುದಿಲ್ಲ, ಬೇರೆ ಉಪಾಯ ನೋಡಿಕೊಳ್ಳಬೇಕು ಅಂತ. ಸುನಂದಾ ನನ್ನನ್ನು ನೋಡಿದಳು. ನಾನು ಗೋಡೆಯ ಮೇಲಿದ್ದ, ಅರ್ಧ ಚರ್ಮ ಸುಲಿದ ಮನುಷ್ಯನ ಚಿತ್ರ ನೋಡಿದೆ. ತಗೊಳ್ಳುತ್ತೇನೆ ಅಂತ ಅವಳ ಸಣ್ಣ ದನಿ ಕೇಳಿಸಿತು. ನೀಲಾಳ ಬೆನ್ನಿಗೆ ಇನ್ನೊಂದು ಕೂಸು ಬರಲಿ ಅಂತ ನಾನು ಕೊಟ್ಟೂರಿನ ದೇವರಿಗೆ ಹರಕೆ ಹೊತ್ತು, ತಡವಾಯಿತೆಂದು ಅವನ ಮೇಲೆ ಮುನಿಸಿಕೊಂಡೂ ಆಗಿತ್ತು. ಪಾಪ, ಅವನಾದರೂ ಏನು ಮಾಡಿಯಾನು, ಇಲ್ಲಿ ಗುಳಿಗೆ ಅಡ್ಡ ಕೂತಿತ್ತು.

ತಿರುಗಿ ಬರುವಾಗ ಬಸ್ಸಿನಲ್ಲಿ ಸುನಂದಾ ಕಿಟಕಿಯ ಕಡೆ ತಿರುಗಿಕೊಂಡು ತಾನಾಗಿಯೇ ಹೇಳಿದಳು.

"ಇರೋ ಒಂದನ್ನ ಎತ್ಕಳ್ಳಾಕ ಆಗವಲ್ದು. ಇನ್ನೊಂದನ್ನ ಎಲ್ಲಿ ಇಟ್ಕಳ್ಳಲಿ ಅತ್ತಿ?"

ಬೇರೆ ಉಪಾಯದ ಮಾತನ್ನು ನಿನ್ನ ಗಂಡನಿಗೆ ನೀನೇ ಹೇಳಬೇಕು, ನಾನು ಹೇಳುವವಳಲ್ಲ ಅಂದೆ. ನನ್ನ ದನಿ ಮೊದಲೇ ದೊಡ್ಡದು. ಮುಂದಿನ ಸೀಟಿನ ಹೆಂಗಸು ಪೂರಾ ಹಿಂದೆ ತಿರುಗಿ ನೋಡಿದಳು. ಆ ದಿನ ಮೊದಲ ಸಲ ಸುನಂದಾ ನಕ್ಕಳು.

ಅವಳು ನನ್ನಿಂದ ಕೇಳಿಕೊಂಡದ್ದು ಒಂದೇ: ಓಣಿಗೆ ಗೊತ್ತಾಗಬಾರದು. ಓಣಿ ಅಂದರೆ ಬಸಮ್ಮ. ಗಾಯ ಆರುವ ತನಕ ಆ ಕೈಯಿಂದ ರೊಟ್ಟಿ ಬಡಿಯುವುದು ಬೇಡ ಅಂತ ನಾನೇ ಹಂಚಿನ ಮುಂದೆ ಕೂತೆ. ಆದರೆ ನನ್ನ ಏಟು ಬಿದ್ದರೆ ಗೋಡೆಯಾಚೆ ಗೊತ್ತಾಗುತ್ತದಲ್ಲ. ಅದಕ್ಕೆ ಸೊಸೆಯ ಕೈಯ ಹಾಗೆ ಬಡಿಯುವುದನ್ನು ಕಲಿಯತೊಡಗಿದೆ. ಸುನಂದಾ ಮಗ್ಗುಲಲ್ಲಿ ಕೂತು, ಹಗುರಕ್ಕ ಅತ್ತಿ, ಇನ್ನೂ ಹಗುರಕ್ಕ ಅಂತ ಪಿಸುಗುಟ್ಟುವಳು. ಹುಟ್ಟಿದಾಗಿನಿಂದ ಸಿಟ್ಟಿನಲ್ಲಿ ಬಡಿದ ಕೈಗೆ ಆ ವಯಸ್ಸಿನಲ್ಲಿ ನಯ ಕಲಿಸುವುದು ಕೋಣಕ್ಕೆ ಕೋಲಾಟ ಕಲಿಸಿದ ಹಾಗೆ. ಮೊದಮೊದಲು ರೊಟ್ಟಿ ಹರಿದು ಹಂಚಿನ ಮೇಲೆ ಎರಡು ಮೂರು ಊರಾಗುತ್ತಿತ್ತು. ವಾರ ಕಳೆಯುವುದರೊಳಗೆ ನಡೆ ಸಿಕ್ಕಿತು, ಗೆದ್ದೆ ಅಂದುಕೊಂಡೆ. ಆಗ ಗೋಡೆಯಾಚೆಯಿಂದ ಬಸಮ್ಮನ ದನಿ ಬಂತು.

"ಗೌರಕ್ಕ, ರೊಟ್ಟಿ ನಿನ್ನ ಸೊಸಿ ಬಡಿತಾಳ, ಕೆಮ್ಮು ಮಾತ್ರ ನಿಂದು ಬರತೈತಲ್ಲ?"

ಗುಳಿಗೆಯದು ಇನ್ನೊಂದು ಕತೆ. ನಮ್ಮ ಮನೆಯಲ್ಲಿ ಗುಳಿಗೆ ಅಂದರೆ ಉಂಡ ಮೇಲೆ. ಖಾಲಿ ಹೊಟ್ಟೆಗೆ ಅಂಥ ಉಷ್ಣದ್ದನ್ನು ಹಾಕುವುದು, ಅಳಿಯನನ್ನು ಬಾಗಿಲಲ್ಲೇ ಮಾತಾಡಿಸಿ ಕಳಿಸಿದ ಹಾಗೆ ನನಗೆ. ಮೊದಲ ದಿನ ಅವಳು ಕ್ಯಾಪ್ಸೂಲು ಕೈಯಲ್ಲಿ ಹಿಡಿದಾಗ ನಾನು ಒಂದು ಬಿಸಿ ರೊಟ್ಟಿ, ಬೆಣ್ಣೆ ಹಿಡಿದು ಎದುರಿಗೆ ನಿಂತೆ. ಡಾಕ್ಟರು ಬೇಡ ಅಂದಿದ್ದಾರೆ ಅಂದಳು. ಡಾಕ್ಟರು ಅಂದದ್ದು ಊಟ ಬೇಡ ಅಂತ, ಇದು ಒಂದೇ ರೊಟ್ಟಿ ಅಂದೆ. ಕೊನೆಗೆ ಅವಳು ನಾನು ಏಳುವುದಕ್ಕೂ ಮೊದಲೇ ಎದ್ದು ಕದ್ದು ನುಂಗತೊಡಗಿದಳು. ಊರಿನಲ್ಲಿ ಸೊಸೆಯಂದಿರು ಕದ್ದು ತಿನ್ನುವುದನ್ನು ಕೇಳಿದ್ದೇನೆ, ಕದ್ದು ಉಪವಾಸ ಇರುವುದನ್ನು ನಮ್ಮ ಮನೆಯಲ್ಲೇ ಕಂಡದ್ದು.

ಆಮೇಲೆ ಕೆಂಪು ಇಳಿಯತೊಡಗಿತು. ಕುಪ್ಪಸದ ಕಂಕುಳೆಲ್ಲ ಕಿತ್ತಳೆ ಬಣ್ಣ. ಎತ್ತಿ ತಿಕ್ಕುವುದಕ್ಕೆ ಅವಳ ಕೈ ಬಾರದು, ಆದ್ದರಿಂದ ಅವನ್ನು ಓಣಿಯ ನಲ್ಲಿಯ ಹತ್ತಿರ ನಾನು ಒಗೆದೆ. ಅತ್ತೆ ಸೊಸೆಯ ಕುಪ್ಪಸ ಒಗೆಯುವುದನ್ನು ನಮ್ಮ ಓಣಿ ಅಲ್ಲಿಯ ತನಕ ನೋಡಿರಲಿಲ್ಲ. ಬಸಮ್ಮ ತನ್ನ ಕೊಡ ತುಂಬಿ ಹೊರಚೆಲ್ಲುತ್ತಿದ್ದರೂ ಅಲ್ಲೇ ನಿಂತಳು. ಹೊಸ ಸೀರೆ ಬಣ್ಣ ಬಿಟ್ಟಿದೆ ಅಂದೆ. ಬಿಳಿ ಕುಪ್ಪಸಕ್ಕೆ ಕಂಕುಳಲ್ಲಿ ಮಾತ್ರ ಬಣ್ಣ ಬಿಡುವ ಸೀರೆ ಯಾವ ಅಂಗಡಿಯಲ್ಲಿ ಸಿಗುತ್ತದೆ, ನನಗೂ ಒಂದು ತಂದುಕೊಡು ಅಂದಳು.

ಒಂದು ದಿನ ಒಗೆಯುವಾಗ ಸೆರಗಿನ ತುದಿಯಲ್ಲೂ ಅದೇ ಬಣ್ಣ ಕಂಡೆ. ಸೆರಗಿನ ತುದಿಗೆ ಬೆವರು ಬರುವುದಿಲ್ಲ. ಹಿಂದಿನ ದಿನ ನೀಲಾ ಅಂಗಳದಲ್ಲಿ ಬಿದ್ದು ಮೊಣಕಾಲು ಕೆತ್ತಿಸಿಕೊಂಡಿದ್ದಳು. ಸುನಂದಾ ಬಾಗಿಲಲ್ಲೇ ನಿಂತು ಕೈ ಚಾಚಿದ್ದಳು. ಕೂಸು ಅಳುತ್ತ ಅವಳ ಪಕ್ಕದಿಂದಲೇ ಹಾದು ಅಡುಗೆಮನೆಗೆ ಬಂದು ನನ್ನ ಕಾಲು ಹಿಡಿದಿತ್ತು. ನೆನಪಾಯಿತು. ಸೀರೆ ಹಿಂಡಿ ಹರವಿ ಒಳಗೆ ಹೋದೆ.

"ಅಳೋದಿದ್ರ ಕೆಂಪು ಸೀರಿ ಉಟ್ಕಂಡು ಅಳು. ಸೆರಗಿನ ಕಲಿ ತಿಕ್ಕಾಕಿ ನಾನು."

ಅವಳು ನಗುತ್ತಲೇ ಮತ್ತೆ ಅತ್ತಳು. ಇನ್ನೊಂದು ಸೆರಗು ಹಾಳಾಯಿತು.

ಗುಳಿಗೆ ಅರ್ಧ ಮುಗಿಯುವ ಹೊತ್ತಿಗೆ ಕುರುಗಳು ಬತ್ತಿದವು. ಗಾಯ ಒಣಗಿ ಅರಿವೆಯ ಚೂರು ಇಡುವುದು ತಪ್ಪಿತು. ಹೊಟ್ಟೆ ತೊಳಸುತ್ತದೆ, ಆರಾಮಾಗಿದೆಯಲ್ಲ, ಇನ್ನು ಸಾಕು ಅಂತ ಸುನಂದಾ ರಾಗ ಎಳೆದಳು. ಕೂಸನ್ನು ಎತ್ತು ನೋಡೋಣ ಅಂದೆ. ಕೈ ಭುಜದ ಮಟ್ಟಕ್ಕೆ ಬಂದು ನಿಂತಿತು. ಒಂದು ಮಗ್ಗುಲು ಬೆಂದ ರೊಟ್ಟಿಯನ್ನು ಯಾರೂ ಹಂಚಿನಿಂದ ಇಳಿಸುವುದಿಲ್ಲ ಅಂತ ಹೇಳಿ ಡಬ್ಬಿಯನ್ನು ಅವಳ ಮುಂದೆ ಇಟ್ಟೆ. ಅವಳು ನುಂಗಿದಳು.

ಹೀಗಿರುವಾಗ ಒಂದು ಮಧ್ಯಾಹ್ನ ಬಸಮ್ಮ ಸೆರಗಿನಡಿ ಒಂದು ತಂಬಿಗೆ ಹಾಲು ತಂದು ನಮ್ಮ ಅಡುಗೆಮನೆಯಲ್ಲಿ ಕೂತಳು. ಅವಳು ಗೋಡೆ ಬಿಟ್ಟು ಬಾಗಿಲಿನಿಂದ ಬಂದದ್ದೇ ನನಗೆ ಗಾಬರಿ. ಮಾತೂ ಅವಳದಲ್ಲ, ಸಣ್ಣ ದನಿ.

"ಮುಚ್ಚಿಡಬ್ಯಾಡ ಗೌರಕ್ಕ. ಕೆಂಪು ಗುಳಿಗಿ, ಕೆಂಪು ಬೆವರು, ನನಗ ಗೊತ್ತಾಗಂಗಿಲ್ಲೇನು? ನಮ್ಮ ಮನಿಯವ್ರಿಗೂ ಇದ ಕೊಟ್ಟಿದ್ರು. ಟೀಬಿ ಆಗಿತ್ತು. ಓಣ್ಯಾಗ ದಮ್ಮು ಅಂತ ಹೇಳಿದ್ದೆ. ಆರಾಮಾದ್ರು, ನಿನ್ನ ಸೊಸೀನೂ ಆರಾಮಾಗ್ತಾಳ."

ನಾನು ದಂಗಾದೆ. ಒಂದೇ ಗೋಡೆ. ಅವಳ ಮನೆಯ ಸಾರಿಗೆ ಉಪ್ಪು ಹೆಚ್ಚಾದರೆ ನನಗೆ ಗೊತ್ತಾಗುತ್ತಿತ್ತು. ಅವಳು ಹೆದರಿ ಹೆದರಿ ಗಂಡನಿಗೆ ಗುಳಿಗೆ ನುಂಗಿಸಿದ್ದು ಗೊತ್ತಾಗಿರಲಿಲ್ಲ. ಓಣಿಯ ಸುದ್ದಿಯನ್ನೆಲ್ಲ ಕಟ್ಟಿಕೊಂಡು ತಿರುಗಿದವಳು ತನ್ನದನ್ನು ಮಾತ್ರ ಎಷ್ಟು ಗಟ್ಟಿಯಾಗಿ ಗಂಟು ಹಾಕಿದ್ದಳು. ನಾನು ಏನು ಸುಳ್ಳು ಹೇಳಲಿ ಅಂತ ಹುಡುಕುತ್ತಿರುವಾಗಲೇ ಒಳಕೋಣೆಯಿಂದ ಸುನಂದಾ ಬಂದಳು. "ಟೀಬಿ ಅಲ್ಲ ಬಸಮ್ಮತ್ತಿ" ಅಂದವಳೇ ಕುಪ್ಪಸದ ತೋಳು ಸರಿಸಿ, ಕೈ ಎಷ್ಟು ಮೇಲೆ ಹೋಗುತ್ತದೋ ಅಷ್ಟು ಎತ್ತಿ ತೋರಿಸಿದಳು. "ಇದು. ಕೊಳಕಿಂದ ಬಂದಿದ್ದಲ್ಲ, ಹತ್ತಂಗೂ ಇಲ್ಲ." ಡಾಕ್ಟರಮ್ಮನ ಮಾತನ್ನು ಎರಡು ಸಲ ಕೇಳಿಸಿಕೊಂಡದ್ದು ಆಗ ಉಪಯೋಗಕ್ಕೆ ಬಂತು.

ಬಸಮ್ಮ ಹತ್ತಿರ ಬಂದು ಬಗ್ಗಿ ನೋಡಿದಳು. ಆಮೇಲೆ ಸುನಂದಾಳ ಕುಪ್ಪಸವನ್ನು ತಾನೇ ಸರಿಮಾಡಿ, ಆ ಡಾಕ್ಟರು ಹೆಂಗಸರೇ ಹೌದಲ್ಲ ಅಂತ ವಿಚಾರಿಸಿದಳು. ಅರಸೀಕೆರೆಯಲ್ಲಿರುವ ಅವಳ ತಂಗಿಗೆ ತೊಡೆಯ ಸಂದಿಯಲ್ಲಿ ಇದೇ ಇದೆಯಂತೆ. ಮೂರು ಮಕ್ಕಳಾದರೂ ಯಾರಿಗೂ ತೋರಿಸಿಲ್ಲವಂತೆ. ಹಾಲಿನ ತಂಬಿಗೆ ನಮ್ಮಲ್ಲೇ ಬಿಟ್ಟು ಎದ್ದಳು. ಓಣಿಯಲ್ಲಿ ಆ ಮಾತು ಈವತ್ತಿಗೂ ಬಂದಿಲ್ಲ.

ಗುಳಿಗೆ ಮುಗಿದವು. ರೋಗ ಪೂರ್ತಿ ಹೋಯಿತು ಅಂತ ಬರೆದರೆ ಸುಳ್ಳಾಗುತ್ತದೆ. ಇದು ಹೋಗಿ ಬರುವ ನೆಂಟ ಅಂತ ಡಾಕ್ಟರಮ್ಮ ಮೊದಲೇ ಹೇಳಿದ್ದಳು. ಆಮೇಲೂ ಒಂದೆರಡು ಸಲ ಸಣ್ಣದಾಗಿ ತಲೆ ಎತ್ತಿದೆ. ಈಗ ಸುನಂದಾ ಹಂಡೆಗೆ ಹೇಳುವುದಿಲ್ಲ, ನನಗೇ ಹೇಳುತ್ತಾಳೆ, ಬಸ್ಸು ಹತ್ತುತ್ತೇವೆ. ಕಲೆಗಳು ಇದ್ದೇ ಇವೆ. ಆದರೆ ಬಿಗಿದಿದ್ದ ಕೈ ಸಡಿಲಾಗಿ ಮೇಲೆ ಏಳತೊಡಗಿತು. ಕೊಟ್ಟೂರಿನ ದೇವರಿಗೂ ಸದ್ಯ ನಿನ್ನದೇನೂ ಅವಸರವಿಲ್ಲ, ಅವಳು ಹೇಳಿದಾಗ ನೋಡೋಣ ಅಂತ ತಿಳಿಸಿದೆ.

ಗಿರಣಿಯಿಂದ ಹಿಟ್ಟು ಬೀಸಿಕೊಂಡು ಮೂವರೂ ಬರುತ್ತಿದ್ದ ಒಂದು ದಿನ ನೀಲಾಳಿಗೆ ಕಾಲು ಸೋತವು. ದಾರಿಯಲ್ಲಿ ನಿಂತು, ರೂಢಿಯಂತೆ ನನ್ನ ಕಡೆ ಎರಡೂ ಕೈ ಎತ್ತಿದಳು. ನಾನು ಹಿಟ್ಟಿನ ಡಬ್ಬಿ ಕೆಳಗಿಡುವಷ್ಟರಲ್ಲಿ ಸುನಂದಾ ಬಗ್ಗಿ ಕೂಸನ್ನು ಎತ್ತಿ ಕಂಕುಳಿಗೆ ಹಾಕಿಕೊಂಡಳು. ನೀಲಾ ತಪ್ಪು ಬಸ್ಸು ಹತ್ತಿದವಳ ಹಾಗೆ ಸ್ವಲ್ಪ ದೂರ ನನ್ನನ್ನೇ ನೋಡುತ್ತ ಕೂತಳು. ಆಂಜನೇಯನ ಗುಡಿ ದಾಟುವ ಹೊತ್ತಿಗೆ ಅವರವ್ವನ ಹೆಗಲಿಗೆ ತಲೆ ಇಟ್ಟಳು. ಸುನಂದಾ ಮನೆ ಬಂದರೂ ಇಳಿಸಲಿಲ್ಲ, ಇಳಿಸದೆಯೇ ಬೀಗ ತೆಗೆದಳು, ಇಳಿಸದೆಯೇ ನೀರು ಕುಡಿದಳು.

ಅಲ್ಲಿಂದ ಮುಂದೆ ಕೂಸು ನನ್ನ ಹತ್ತಿರ ಬರುವುದು ಬಿಟ್ಟಿತು. ಶೇಂಗಾ, ಬೆಲ್ಲ ತೋರಿಸಿ ಕರೆದೆ. ಬಂದಳು, ಶೇಂಗಾ ಬೆಲ್ಲ ಎರಡೂ ತಗೊಂಡಳು, ಅವರವ್ವನ ಕಂಕುಳಿಗೆ ವಾಪಸು ಹೋಗಿ ಅಲ್ಲಿ ಕೂತು ತಿಂದಳು. ನೀರಿಗೆ ಹೋಗುವಾಗ ನನ್ನ ಎರಡೂ ಸೊಂಟಕ್ಕೆ ಎರಡು ಕೊಡ ಬಂದವು. ಬಸಮ್ಮ ಅದನ್ನೂ ನೋಡಿದಳು. ಮೊಮ್ಮಗಳು ಈಗ ನಿನ್ನ ಹತ್ತಿರ ಸುಳಿಯುವುದೇ ಇಲ್ಲವಲ್ಲ ಗೌರಕ್ಕ ಅಂತ ಕೇಳಿದಳು.

"ಪೀಡೆ ಹೋತು ಬಿಡು. ನನ್ನ ಸೊಂಟ ಉಳೀತು" ಅಂದೆ.

ಬಳ್ಳಾರಿಯ ಮಗಳನ್ನು ನಂಬದವಳು, ಬಣ್ಣ ಬಿಡುವ ಸೀರೆಯನ್ನು ನಂಬದವಳು, ನಾನು ಅಷ್ಟು ಕಷ್ಟಪಟ್ಟು ಕಲಿತು ಬಡಿದ ರೊಟ್ಟಿಯನ್ನೂ ನಂಬದವಳು, ಇದನ್ನು ಮಾತ್ರ ಮರುಮಾತಿಲ್ಲದೆ ನಂಬಿದಳು. ಈ ವಯಸ್ಸಿನಲ್ಲಿ ಸೊಂಟ ಗಟ್ಟಿಯಿದ್ದರೆ ಅಷ್ಟೇ ಸಾಕವ್ವ ಅಂತ ಹೇಳಿ, ಕೊಡ ಎತ್ತಿಕೊಂಡು ಒಳಗೆ ಹೋದಳು.